ಪಕ್ಕದ ಎಲೆಯಲ್ಲಿ ಕೂತವರು: ಸಾಗರದ ಒಂದು ಹಳೆಯ ಹೋಟೆಲಿನ ಬಗ್ಗೆ

ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯಿಂದ ಹೆಗ್ಗೋಡಿನ ಕಡೆಗೆ ಹೋಗುವ ದಾರಿಯಲ್ಲಿರುವ ಈ ಹೋಟೆಲಿನ ಹೆಸರನ್ನು ನಾನು ಬರೆಯುತ್ತಿಲ್ಲ. ಬರೆಯಬೇಡಿ ಎಂದು ಅದರ ಯಜಮಾನರೇ ಕೇಳಿಕೊಂಡಿದ್ದಾರೆ; ಅವರು ಕೊಟ್ಟ ಕಾರಣ ನನಗೂ ಒಪ್ಪಿಗೆಯಾಗಿದೆ, ಅದನ್ನು ಮುಂದೆ ಹೇಳುತ್ತೇನೆ. ಹಂಚಿನ ಮಾಡು, ಮುಂದೆ ಅಡಿಕೆ ದಬ್ಬೆಯ ಚಪ್ಪರ, ಗಲ್ಲಾಪೆಟ್ಟಿಗೆಯ ಹಿಂದೆ ದೇವರ ಪಟವೊಂದನ್ನು ಬಿಟ್ಟರೆ ಬೇರೆ ಯಾವ ಪಟವೂ ಇಲ್ಲದ ಖಾಲಿ ಗೋಡೆ, ಇವಿಷ್ಟು ಅದರ ಗುರುತು. ಪೇಟೆಯಲ್ಲಿ ಯಾವ ಆಟೋದವರನ್ನು ಕೇಳಿದರೂ ತೋರಿಸುತ್ತಾರೆ.

ಮೊದಲು ಊಟ ತಿಂಡಿಯ ವಿಚಾರ. ಬೆಳಗ್ಗೆ ಹೋದವರು ಇಲ್ಲಿಯ ತೆಳ್ಳೇವು ಎಂಬ ತೆಳುದೋಸೆಯನ್ನು ತಿನ್ನದೆ ಏಳಬಾರದು. ಹಿಟ್ಟನ್ನು ಕಾವಲಿಯ ಅಂಚಿನವರೆಗೂ ಎಳೆದು, ಮಗುಚಿ ಹಾಕದೆ ಒಂದೇ ಮಗ್ಗುಲಲ್ಲಿ ಬೇಯಿಸಿ, ನಾಲ್ಕು ಮಡಿಕೆ ಮಾಡಿ ಬಾಳೆಲೆಗೆ ಹಾಕುತ್ತಾರೆ. ಮಡಿಕೆ ಬಿಡಿಸಿದರೆ ಕೆಳಗಿನ ಎಲೆಯ ಹಸಿರು ಕಾಣುವಷ್ಟು ಅದು ತೆಳು. ಜೊತೆಗೆ ಕಾಯಿಚಟ್ನಿಯನ್ನೂ ನೀರಾಗಿರುವ ಜೋನಿ ಬೆಲ್ಲವನ್ನೂ ಕೊಡುತ್ತಾರೆ. ಚಟ್ನಿ ಚೆನ್ನಾಗಿಯೇ ಇದೆ, ಆದರೆ ಬೆಲ್ಲಕ್ಕೆ ಒಂದು ಚಮಚ ತುಪ್ಪ ಕೇಳಿ ಹಾಕಿಸಿಕೊಂಡು ತಿನ್ನುವುದೇ ಸರಿಯಾದ ಕ್ರಮ ಎಂಬುದು ನನ್ನ ಅಭಿಪ್ರಾಯ. ಕಾಫಿಗಿಂತ ಇಲ್ಲಿಯ ಕಷಾಯ ಮೇಲು. ಕೊತ್ತಂಬರಿ, ಜೀರಿಗೆ, ಮೆಣಸು, ಮೆಂತ್ಯವನ್ನು ಹುರಿದು ಅಲ್ಲೇ ಪುಡಿ ಮಾಡುವುದರಿಂದ ಲೋಟ ಮೇಜಿಗೆ ಬರುವ ಮೊದಲೇ ಪರಿಮಳ ಬರುತ್ತದೆ. ಮಧ್ಯಾಹ್ನದ ಊಟಕ್ಕೆ ಕುಚ್ಚಲಕ್ಕಿ ಅಥವಾ ಬೆಳ್ತಿಗೆ ಅನ್ನ, ಒಂದು ಪಲ್ಯ, ಸಾರು, ಹುಳಿ, ಒಂದೆಲಗದ ತಂಬುಳಿ, ಮಿಡಿ ಉಪ್ಪಿನಕಾಯಿ, ಮಜ್ಜಿಗೆ. ಮಾವಿನ ಮಿಡಿ ಸಿಗುವ ಕಾಲದಲ್ಲಿ ಅಪ್ಪೆಹುಳಿ ಮಾಡುತ್ತಾರೆ. ಇಂಗು ಮತ್ತು ಸೂಜಿಮೆಣಸಿನ ಒಗ್ಗರಣೆ ಹಾಕಿದ ಆ ನೀರುನೀರಾದ ಹುಳಿಯನ್ನು ಅನ್ನಕ್ಕೆ ಕಲಸಿ ತಿಂದು, ಉಳಿದದ್ದನ್ನು ಲೋಟಕ್ಕೆ ಹಾಕಿಸಿಕೊಂಡು ಕುಡಿಯುವವರೇ ಹೆಚ್ಚು.

ಇಷ್ಟೇ ಆಗಿದ್ದರೆ ಇದನ್ನು ಮಲೆನಾಡಿನ ಹತ್ತಾರು ಒಳ್ಳೆಯ ಹೋಟೆಲುಗಳ ಪಟ್ಟಿಗೆ ಸೇರಿಸಿ ಸುಮ್ಮನಾಗಬಹುದಿತ್ತು. ನಾನು ಇದರ ಬಗ್ಗೆ ವಿಸ್ತಾರವಾಗಿ ಬರೆಯಲು ಕಾರಣ ಬೇರೆ. ನಾಡಿಗೆಲ್ಲ ಗೊತ್ತಿರುವ ಮುಖವೊಂದು ಬಾಗಿಲಲ್ಲಿ ಕಾಣಿಸಿಕೊಂಡಾಗ ಈ ಹೋಟೆಲು ನಡೆದುಕೊಳ್ಳುವ ರೀತಿಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಅಂಥ ಮುಖಗಳು ಇಲ್ಲಿಗೆ ಬರುವುದು ಅಪರೂಪವೇನಲ್ಲ. ಹೆಗ್ಗೋಡು ಇಲ್ಲಿಂದ ಕೆಲವೇ ಮೈಲಿ. 1949ರಲ್ಲಿ ಹಳ್ಳಿಯ ಹವ್ಯಾಸಿ ನಾಟಕ ಸಂಘವಾಗಿ ಹುಟ್ಟಿದ ನೀನಾಸಂ, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ಊರೂರು ಸುತ್ತಿ ನಾಟಕ ಆಡುವ ತಿರುಗಾಟವನ್ನೂ ಆರಂಭಿಸಿದ ಮೇಲೆ, ನಟರು, ನಿರ್ದೇಶಕರು, ಕವಿಗಳು, ಚಿಂತಕರು ಈ ದಾರಿಯಲ್ಲಿ ಓಡಾಡುತ್ತಲೇ ಇದ್ದಾರೆ. ನೀನಾಸಂ ನಡೆಸುವ ಸಂಸ್ಕೃತಿ ಶಿಬಿರದ ದಿನಗಳಲ್ಲಂತೂ ಪಠ್ಯಪುಸ್ತಕದಲ್ಲಿ ಪಾಠವಾಗಿರುವ ಲೇಖಕರು ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಚೀಲ ಹಿಡಿದು ನಿಂತಿರುವುದನ್ನು ಕಾಣಬಹುದು. ಬೆಂಗಳೂರಿನ ಕಡೆಯಿಂದ ಜೋಗಕ್ಕೆ ಚಿತ್ರೀಕರಣಕ್ಕೆಂದು ಹೋಗುವ ತಂಡಗಳು ಸಾಮಾನ್ಯವಾಗಿ ಸಾಗರವನ್ನು ದಾಟಿಯೇ ಹೋಗುತ್ತವೆ. ಬೆಂಗಳೂರಿನಿಂದ ರಾತ್ರಿ ಹೊರಟ ತಾಳಗುಪ್ಪ ರೈಲಿನಿಂದ ಬೆಳಗ್ಗೆ ಇಳಿದವರಲ್ಲಿ ಯಾರಿರುತ್ತಾರೋ ಹೇಳಲಾಗದು.

ಇವರೆಲ್ಲರ ಜೊತೆಗೆ ಯಕ್ಷಗಾನದವರು. ನವೆಂಬರಿನಿಂದ ಮಳೆಗಾಲದ ತನಕ ಯಕ್ಷಗಾನದ ಬಡಗು ಶೈಲಿಯಾದ ಬಡಗುತಿಟ್ಟಿನ ಮೇಳಗಳು ಘಟ್ಟ ಹತ್ತಿ ಸಾಗರ, ಸೊರಬ, ಹೊಸನಗರದ ಊರುಗಳಲ್ಲಿ ಆಟ ಆಡುತ್ತವೆ. ಬೆಳಗಿನ ಜಾವ ಆಟ ಮುಗಿಸಿದ ಕಲಾವಿದರು ಕೆಲವೊಮ್ಮೆ ನೇರವಾಗಿ ಈ ಹೋಟೆಲಿಗೆ ಬರುತ್ತಾರೆ. ಹಿಂದಿನ ರಾತ್ರಿ ಸಾವಿರಾರು ಜನರನ್ನು ನಿದ್ದೆಗೆಡಿಸಿ ಕೂರಿಸಿದ್ದ ಕಲಾವಿದರೊಬ್ಬರು ಒಮ್ಮೆ ನನ್ನ ಎದುರಿನ ಬೆಂಚಿನಲ್ಲಿ ಕೂತು ಬನ್ಸ್ ತಿನ್ನುತ್ತಿದ್ದರು. ಮುಖದ ಬಣ್ಣವನ್ನು ತೆಂಗಿನೆಣ್ಣೆ ಹಚ್ಚಿ ತೆಗೆದಿದ್ದರೂ ಕಿವಿಯ ಹಿಂದಿನ ಸಂದಿಯಲ್ಲಿ ಹಳದಿ ಉಳಿದಿತ್ತು, ಕಿರೀಟ ಬಿಗಿದಿದ್ದ ಪಟ್ಟಿಯ ಗುರುತು ಹಣೆಯ ಮೇಲೆ ಗೆರೆಯಾಗಿ ಎದ್ದಿತ್ತು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂದ ಕಲೆ ಇದು. ಆದರೂ ವೇಷ ಕಳಚಿದ ಮೇಲೆ ಬೆಳಗಿನ ಬಸ್ಸಿನಲ್ಲಿ ಗುರುತಾಗದೆ ಕೂತು ಹೋಗುವ ಕಲಾವಿದರು ಇದರಲ್ಲಿ ಎಷ್ಟೋ ಮಂದಿ. ಹೋಟೆಲಿನ ಯಜಮಾನರಿಗೆ ನನ್ನ ಎದುರಿಗಿದ್ದ ಆ ಕಲಾವಿದರು ಯಾರೆಂದು ಚೆನ್ನಾಗಿಯೇ ಗೊತ್ತಿತ್ತು. ಕಷಾಯದ ಲೋಟವನ್ನು ಮುಂದಿಡುತ್ತ, "ನಿನ್ನೆ ಪದ್ಯ ಒಳ್ಳೆ ಏರಿತ್ತಂತೆ ಹೆಗಡೇರೆ, ಸ್ವಲ್ಪ ಮಲಗಿ ಹೋಗಿ, ಒಳಗೆ ಚಾಪೆ ಇದೆ," ಎಂದರು. ಅಷ್ಟೇ ಮಾತು. ತಿಂಡಿಯ ದುಡ್ಡನ್ನು ಅವರು ಕೊಟ್ಟರು, ಇವರು ತೆಗೆದುಕೊಂಡರು.

ದುಡ್ಡು ತೆಗೆದುಕೊಳ್ಳುವ ಈ ಸಂಗತಿ ಸಣ್ಣದಾಗಿ ಕಾಣಬಹುದು, ನನಗೆ ಹಾಗೆ ಕಾಣುವುದಿಲ್ಲ. ದೊಡ್ಡವರಿಗೆ ಬಿಟ್ಟಿ ಊಟ ಹಾಕುವುದನ್ನು ಗೌರವವೆಂದು ತಿಳಿದವರು ಬಹಳ. ಊಟ ಹಾಕಿದವರಿಗೆ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವ ಹಕ್ಕು ಅದರ ಬೆನ್ನಿಗೇ ಬಂದುಬಿಡುತ್ತದೆ. ಉಂಡದ್ದಕ್ಕೆ ದುಡ್ಡು ಕೊಟ್ಟವರು ಯಾರ ಹಂಗಿಗೂ ಬೀಳದೆ ಎದ್ದು ಹೋಗಬಹುದು.

ಇದಕ್ಕೆ ತೀರ ವಿರುದ್ಧವಾದುದನ್ನೂ ನೋಡಿದ್ದೇನೆ. ಶಿವಮೊಗ್ಗದ ಹತ್ತಿರ ಹೆದ್ದಾರಿಯಲ್ಲಿರುವ ದೊಡ್ಡ ಹೋಟೆಲೊಂದರ ಗೋಡೆಯ ತುಂಬ ಚಿತ್ರನಟರ, ಮಂತ್ರಿಗಳ, ಕ್ರಿಕೆಟ್ ಆಟಗಾರರ ಜೊತೆ ಮಾಲೀಕರು ನಿಂತ ಚಿತ್ರಗಳಿವೆ. ನಾವು ಹೋದ ದಿನ ಯಾರೋ ಗಣ್ಯರು ಬರುವವರಿದ್ದರು. ಅವರಿಗೆಂದು ಕಿಟಕಿಯ ಬದಿಯ ಮೇಜುಗಳನ್ನೆಲ್ಲ ಖಾಲಿ ಇಟ್ಟುಕೊಂಡು, ಮಂಡಿನೋವಿನ ನನ್ನ ಅತ್ತೆಯವರನ್ನು ಬಾಗಿಲಲ್ಲೇ ನಿಲ್ಲಿಸಿದರು. ಕೊನೆಗೆ ಬಂದ ಆ ಗಣ್ಯರು ತಟ್ಟೆಗೆ ಕೈ ಹಾಕುವ ಮೊದಲೇ ಅಡುಗೆಯವರಿಂದ ಹಿಡಿದು ಗಿರಾಕಿಗಳ ತನಕ ಎಲ್ಲರೂ ಮೊಬೈಲ್ ಹಿಡಿದು ಸುತ್ತುವರಿದಿದ್ದರು. ಅವರು ಎರಡು ತುತ್ತು ತಿಂದು, ಎಲ್ಲರಿಗೂ ನಗುಮುಖ ತೋರಿಸಿ, ಅರ್ಧ ತಟ್ಟೆ ಬಿಟ್ಟು ಹೊರಟುಹೋದರು. ಅಂದು ಅಲ್ಲಿ ನೆಮ್ಮದಿಯಾಗಿ ಉಂಡವರು ಒಬ್ಬರೂ ಇರಲಿಲ್ಲ, ಆ ಗಣ್ಯರನ್ನೂ ಸೇರಿಸಿ. ಹೋಟೆಲಿನ ಕೆಲಸ ಹಸಿದವರಿಗೆ ಅನ್ನ ಹಾಕುವುದು ಎಂದಾದರೆ, ಅಂದು ಆ ಕೆಲಸವೇ ನಡೆಯಲಿಲ್ಲ.

ಸಾಗರದ ಈ ಹೋಟೆಲಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ: ಉಣ್ಣುತ್ತಿರುವವರ ಫೋಟೋ ಯಾರೂ ತೆಗೆಯಬಾರದು. ಬೋರ್ಡು ಹಾಕಿಲ್ಲ, ಬಾಯಲ್ಲಿ ಹೇಳುತ್ತಾರೆ. ನೀನಾಸಂನಲ್ಲಿ ಕಲಿತು ಈಗ ಸಿನಿಮಾದಲ್ಲಿ ಹೆಸರು ಮಾಡಿರುವ ನಟರೊಬ್ಬರು ಗೆಳೆಯರ ಜೊತೆ ಊಟಕ್ಕೆ ಬಂದಿದ್ದಾಗ ಜೋಗ ನೋಡಲು ಹೊರಟಿದ್ದ ಕಾಲೇಜು ಹುಡುಗರ ಗುಂಪು ಅವರನ್ನು ಗುರುತಿಸಿತು. ಹುಡುಗನೊಬ್ಬ ಮೊಬೈಲ್ ಹಿಡಿದು ಎದ್ದೇಬಿಟ್ಟ. ಯಜಮಾನರು ಗಲ್ಲಾಪೆಟ್ಟಿಗೆಯಿಂದ ಎದ್ದು ಬಂದು ಹುಡುಗನ ಭುಜದ ಮೇಲೆ ಕೈಯಿಟ್ಟು, "ಅವ್ರು ಊಟ ಮಾಡ್ಲಿ ತಮ್ಮಾ, ನೀನೂ ಊಟ ಮಾಡು. ಕೈ ತೊಳ್ಕಂಡ ಮೇಲೆ ಹೊರಗೆ ಚಪ್ಪರದಡಿ ಮಾತಾಡಿ, ಯಾರೂ ಬೇಡ ಅನ್ನಲ್ಲ," ಎಂದರು. ಗದರಿದ ದನಿಯಲ್ಲ, ಮನೆಯ ಮಕ್ಕಳಿಗೆ ಹೇಳುವ ದನಿ. ಊಟವಾದ ಮೇಲೆ ಆ ನಟರೇ ಹುಡುಗರ ಬಳಿ ಹೋಗಿ, ಯಾವ ಊರು, ಏನು ಓದುತ್ತಿದ್ದೀರಿ ಎಂದು ವಿಚಾರಿಸಿ, ಹೆಗ್ಗೋಡಿನಲ್ಲಿ ತಾವು ಬೆಳಗಿನ ಜಾವ ಎದ್ದು ಅಭ್ಯಾಸ ಮಾಡುತ್ತಿದ್ದ ದಿನಗಳ ಬಗ್ಗೆ ಬಹಳ ಹೊತ್ತು ಮಾತನಾಡಿದರು. ಮೇಜಿನ ಬಳಿಯೇ ಮುತ್ತಿಕೊಂಡಿದ್ದರೆ ಹುಡುಗರಿಗೆ ಒಂದು ಚಿತ್ರ ಸಿಗುತ್ತಿತ್ತು, ಈ ಮಾತು ಸಿಗುತ್ತಿರಲಿಲ್ಲ.

ಹೋಟೆಲಿನ ಹೆಸರು ಬರೆಯಬೇಡಿ ಎಂದು ಯಜಮಾನರು ಕೇಳಿದ್ದು ಇದೇ ಕಾರಣಕ್ಕೆ. ಗಣ್ಯರು ಬರುವ ಹೋಟೆಲು ಎಂದು ಸುದ್ದಿಯಾದರೆ ಅವರನ್ನು ನೋಡಲೆಂದೇ ಜನ ಬರುತ್ತಾರೆ, ಜನ ಬಂದರೆ ಅವರು ಬರುವುದು ನಿಲ್ಲುತ್ತದೆ, ದಿನವೂ ಉಣ್ಣುವ ಊರಿನವರಿಗೆ ಜಾಗ ಸಿಗುವುದಿಲ್ಲ ಎನ್ನುವುದು ಅವರ ಲೆಕ್ಕಾಚಾರ. ವ್ಯಾಪಾರ ಬಲ್ಲವರು ಇದನ್ನು ಒಪ್ಪಲಿಕ್ಕಿಲ್ಲ. ನಾನು ಒಪ್ಪುತ್ತೇನೆ.

ಇದು ಇವರೊಬ್ಬರ ಗುಣವೂ ಹೌದು, ಈ ಸೀಮೆಯ ರೂಢಿಯೂ ಹೌದು. ಮಲೆನಾಡಿನಲ್ಲಿ ಹೆಸರಾದವರು ಹಲವರು ಹೆಸರಾದ ಮೇಲೂ ಊರಿನಲ್ಲೇ ಉಳಿದರು. ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗಲೂ ಅವರು ಹೆಗ್ಗೋಡಿನ ಅಡಿಕೆ ತೋಟದ ಮನೆಯವರೇ ಆಗಿದ್ದರು. ಪೂರ್ಣಚಂದ್ರ ತೇಜಸ್ವಿಯವರ ಪುಸ್ತಕಗಳನ್ನು ನಾಡೆಲ್ಲ ಓದುತ್ತಿದ್ದಾಗ ಮೂಡಿಗೆರೆಯವರಿಗೆ ಅವರು ಸ್ಕೂಟರಿನಲ್ಲಿ ಪೇಟೆಗೆ ಬಂದು ಹೋಗುವ, ಗಾಳ ಹಿಡಿದು ಮೀನಿಗೆ ಕೂರುವ ನೆರೆಯವರು. ಇದೇ ಸಾಗರದಲ್ಲಿ ನೆಲೆಸಿ, ಲೋಕೋಪಯೋಗಿ ಇಲಾಖೆಯಲ್ಲಿ ದುಡಿದು, ಶರಾವತಿ ಕಣಿವೆಯಲ್ಲಿ ಮನೆಮಠ ಮುಳುಗಿದವರ ಸಂಕಟವನ್ನು ಬರೆದ ನಾ. ಡಿಸೋಜ ಅವರು 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು; ಅವರ ಕಾದಂಬರಿಯನ್ನು ಸಿನಿಮಾ ಮಾಡಿದ ಗಿರೀಶ ಕಾಸರವಳ್ಳಿಯವರೂ ಇದೇ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನವರು. 2025ರ ಜನವರಿಯಲ್ಲಿ ಡಿಸೋಜ ಅವರು ತೀರಿಕೊಂಡಾಗ ಪತ್ರಿಕೆಗಳು ಹಿರಿಯ ಸಾಹಿತಿಯ ನಿಧನವೆಂದು ಬರೆದವು, ಸಾಗರದವರಿಗೆ ಅದು ನೆರೆಮನೆಯ ಹಿರಿಯರು ಹೋದ ದುಃಖ. ಇಂಥವರ ನಡುವೆ ಬೆಳೆದ ಊರಿಗೆ, ಹೆಸರಾದವರನ್ನು ಕಂಡು ಓಡಿಹೋಗಿ ಮುತ್ತಿಕೊಳ್ಳುವುದು ಸಭ್ಯತೆಯಲ್ಲ ಎಂಬುದು ಯಾರೂ ಕಲಿಸದೆ ಗೊತ್ತಿತ್ತು. ಈಗ ಆ ತಿಳಿವಳಿಕೆ ಇಲ್ಲಿಯೂ ಸವೆಯುತ್ತಿದೆ, ಅದಕ್ಕಾಗಿಯೇ ಅದನ್ನು ಉಳಿಸಿಕೊಂಡ ಹೋಟೆಲೊಂದು ನನಗೆ ಮುಖ್ಯವಾಗಿ ತೋರುತ್ತದೆ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಮಧ್ಯಾಹ್ನದ ಗದ್ದಲದಲ್ಲಿ ಮೂಲೆಯ ಮೇಜಿಗೆ ಯಜಮಾನರೇ ಹೋಗಿ ಬಡಿಸುತ್ತಿದ್ದುದನ್ನು ಕಂಡು, ಅಲ್ಲಿ ಕೂತ ವೃದ್ಧರು ಯಾರು ಎಂದು ಕೇಳಿದ್ದೆ. ಗಂಧದ ಮರದಲ್ಲಿ ಕೆತ್ತನೆ ಮಾಡುವ ಗುಡಿಗಾರರು, ರಾಷ್ಟ್ರಪ್ರಶಸ್ತಿ ಪಡೆದವರು ಎಂದು ಗೊತ್ತಾಯಿತು. ಬೆರಳುಗಳ ಗಿಣ್ಣು ದಪ್ಪವಾಗಿ, ಉಳಿ ಹಿಡಿಯುವ ಕೈಯ ಹೆಬ್ಬೆರಳು ಒಂದು ಬದಿಗೆ ವಾಲಿತ್ತು. ತುತ್ತು ಕಟ್ಟುವುದು ಕಷ್ಟವಾಗದಿರಲೆಂದು ಅವರಿಗೆ ಅನ್ನವನ್ನು ಸ್ವಲ್ಪ ಮೆತ್ತಗೆ ಬೇಯಿಸಿ ಬೇರೆಯಾಗಿ ಇಟ್ಟಿರುತ್ತಾರಂತೆ. ಅಂದು ಹೋಟೆಲು ತುಂಬಿತ್ತು, ಅವರನ್ನು ಗುರುತಿಸಿದವರು ಒಬ್ಬರೂ ಇರಲಿಲ್ಲ. ತೆರೆಯ ಮೇಲೆ ಕಂಡವರನ್ನು ಮಾತ್ರ ಪ್ರಸಿದ್ಧರೆಂದು ಎಣಿಸುವ ನಮಗೆ, ಪಕ್ಕದ ಎಲೆಯಲ್ಲಿ ಕೂತವರ ಕೈಯಲ್ಲಿ ಏನಿದೆ ಎಂದು ನೋಡುವ ಅಭ್ಯಾಸವೇ ಇಲ್ಲ. ಈ ಹೋಟೆಲಿನಲ್ಲಿ ವಿಶೇಷ ಉಪಚಾರ ಎಂಬುದೊಂದು ಇದ್ದರೆ ಅದು ಆ ಮೆತ್ತಗಿನ ಅನ್ನ ಮಾತ್ರ, ಅದು ದೊರೆಯುವುದು ವಯಸ್ಸಿಗೆ ಮತ್ತು ಅಗತ್ಯಕ್ಕೆ. ಅದೇ ಅನ್ನವನ್ನು ಹಲ್ಲಿಲ್ಲದ ಹಮಾಲಿ ಅಜ್ಜನೊಬ್ಬರಿಗೂ ಬಡಿಸುವುದನ್ನು ಆಮೇಲೆ ನೋಡಿದೆ.

ಕೊರತೆಗಳು ಇಲ್ಲದಿಲ್ಲ. ಕಾಫಿಗೆ ಸಕ್ಕರೆ ಹೆಚ್ಚು, ಮೊದಲೇ ಹೇಳದಿದ್ದರೆ ಕುಡಿಯುವುದು ಕಷ್ಟ. ಕೈ ತೊಳೆಯುವ ಜಾಗ ಹಿಂಬದಿಯ ಅಂಗಳದಲ್ಲಿದ್ದು ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ವಯಸ್ಸಾದವರಿಗೆ ಅಲ್ಲೊಂದು ಹಿಡಿಕೆ ಹಾಕಿಸಬೇಕೆಂದು ಹೇಳಿ ಬಂದಿದ್ದೇನೆ. ಕಾರು ನಿಲ್ಲಿಸಲು ಜಾಗವಿಲ್ಲ. ರಜಾದಿನಗಳಲ್ಲಿ ಜೋಗದ ಪ್ರವಾಸಿಗರು ಬಂದರೆ ಬಡಿಸುವ ಇಬ್ಬರು ಹುಡುಗರಿಂದ ಸುಧಾರಿಸಲಾಗದೆ ಸಾರು ಬಂದಾಗ ಅನ್ನ ಮುಗಿದಿರುತ್ತದೆ, ಅನ್ನ ಬಂದಾಗ ಸಾರು ತಣಿದಿರುತ್ತದೆ. ಸಂಜೆಯ ತಿಂಡಿ ಸಾಧಾರಣ, ಅದಕ್ಕಾಗಿ ಹೋಗಬೇಕಾಗಿಲ್ಲ.

ಊಟ 100 ರೂಪಾಯಿಯೊಳಗೆ ಆಗುತ್ತದೆ, ಎರಡನೆಯ ಸಲ ಅನ್ನಕ್ಕೆ ಬೇರೆ ಲೆಕ್ಕವಿಲ್ಲ. ಮಧ್ಯಾಹ್ನ 12.30ಕ್ಕೆ ಎಲೆ ಹಾಕಲು ಶುರು ಮಾಡುತ್ತಾರೆ, 2.30ರ ಮೇಲೆ ಹೋದರೆ ತಂಬುಳಿ ಉಳಿದಿರುವುದಿಲ್ಲ. ಹೆಗ್ಗೋಡಿನಲ್ಲಿ ನಾಟಕ ನೋಡಲು ಹೋಗುವವರು, ಇಕ್ಕೇರಿ, ಕೆಳದಿಯ ಕಡೆಗೆ ಹೊರಟವರು ಧಾರಾಳವಾಗಿ ಹೋಗಿ ಉಣ್ಣಬಹುದು. ಯಾರಾದರೂ ಕಾಣಸಿಗುತ್ತಾರೇನೋ ಎಂಬ ಆಸೆಯಿಂದ ಮಾತ್ರ ಹೋಗಬೇಡಿ. ಕಂಡರೆ ಒಂದು ನಮಸ್ಕಾರ ಸಾಕು, ಉಳಿದ ಮಾತು ಚಪ್ಪರದಡಿ. ಮಿಡಿ ಸಿಗುವ ಕಾಲದಲ್ಲಿ ಹೋದರೆ, ಕೂರುವ ಮೊದಲೇ ಅಪ್ಪೆಹುಳಿ ಇದೆಯೇ ಎಂದು ಕೇಳಿ, ಒಂದು ಲೋಟ ತೆಗೆದಿಡಲು ಹೇಳಿಬಿಡಿ.