ಹಳೆಯ ವಿದ್ವತ್ ಗ್ರಂಥಗಳ ‘ಪ್ರಿಂಟ್ ಆನ್ ಡಿಮಾಂಡ್’ ಪ್ರತಿಗಳು: ಯಾವುದನ್ನು ಕೊಳ್ಳಬಹುದು, ಯಾವುದನ್ನು ಬಿಡಬೇಕು

ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳ ಇತಿಹಾಸ, ಭೂವಿಜ್ಞಾನ, ಅಭಿವೃದ್ಧಿ ಕುರಿತ ಮುಖ್ಯ ಗ್ರಂಥಗಳು ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವಂಥವಲ್ಲ. ಎಷ್ಟೋ ಪುಸ್ತಕಗಳ ಮೂಲ ಮುದ್ರಣ ಮುಗಿದು ದಶಕಗಳಾಗಿವೆ. ಆ ಜಾಗಕ್ಕೆ ಈಗ ಆರ್ಡರ್ ಬಂದ ಮೇಲೆ ಒಂದೊಂದೇ ಪ್ರತಿ ಅಚ್ಚು ಹಾಕಿ ಕಳಿಸುವ ಮರುಮುದ್ರಣಗಳು ಬಂದಿವೆ. ಹಳೆಯ ಪ್ರತಿಯ ಸ್ಕ್ಯಾನ್ ತೆಗೆದುಕೊಂಡು ಡಿಜಿಟಲ್ ಯಂತ್ರದಲ್ಲಿ ಮುದ್ರಿಸಿ, ಬೆನ್ನಿಗೆ ಅಂಟು ಹಾಕಿ, ಕೊರಿಯರ್‌ನಲ್ಲಿ ಕಳಿಸುತ್ತಾರೆ. ಸಂಶೋಧನಾ ವಿದ್ಯಾರ್ಥಿಗಳಿಂದ ಹಿಡಿದು ಕಾಲೇಜು ಗ್ರಂಥಪಾಲಕರವರೆಗೆ ಎಲ್ಲರೂ ತರಿಸುತ್ತಾರೆ. ಬರೀ ಬರಹ ಇರುವ ಪುಸ್ತಕವಾದರೆ ಈ ಪ್ರತಿಗಳು ಸಾಕು. ನಕ್ಷೆ, ಚಿತ್ರಫಲಕ, ಕೋಷ್ಟಕಗಳಲ್ಲೇ ವಿಷಯ ತುಂಬಿರುವ ಪುಸ್ತಕವಾದರೆ ಸಾಲವು. ಕೆಲವಂತೂ ಅಪಾಯಕಾರಿ, ಯಾಕೆಂದರೆ ಅವುಗಳಲ್ಲಿ ತಪ್ಪು ಅಂಕಿಯೂ ಸರಿಯಾದ ಅಂಕಿಯ ಹಾಗೆಯೇ ಕಾಣುತ್ತದೆ.

ಬೀದರಿನ ವಾಸ್ತುಶಿಲ್ಪದ ಪುಸ್ತಕಗಳನ್ನೇ ತೆಗೆದುಕೊಳ್ಳಿ. ಗುಲಾಂ ಯಜ್ದಾನಿಯವರ 1947ರ ಬೀದರ ಗ್ರಂಥ ಇವತ್ತಿಗೂ ಆ ಊರಿನ ಕಟ್ಟಡಗಳ ಬಗ್ಗೆ ಕೆಲಸ ಮಾಡುವವರ ಮೊದಲ ಆಧಾರ. ಅಂಥ ಪುಸ್ತಕದ ಜೀವಾಳ ಅದರ ಫಲಕಗಳು, ನಕ್ಷೆಗಳು. ಅಗ್ಗದ ಮರುಮುದ್ರಣಗಳಿಗೆ ಬಳಕೆಯಾಗುವ ಸ್ಕ್ಯಾನ್‌ಗಳಲ್ಲಿ ಬಹಳಷ್ಟು ಶುದ್ಧ ಕಪ್ಪು-ಬಿಳುಪು: ಒಂದು ಬಿಂದು ಇದ್ದರೆ ಕಪ್ಪು, ಇಲ್ಲದಿದ್ದರೆ ಬಿಳಿ, ನಡುವೆ ಬೂದುಬಣ್ಣವೇ ಇಲ್ಲ. ಅಕ್ಷರಕ್ಕೆ ಇದು ಒಳ್ಳೆಯದೇ, ಫೈಲು ಚಿಕ್ಕದಾಗುತ್ತದೆ, ಮಸಿ ಗಾಢವಾಗಿ ಬೀಳುತ್ತದೆ. ಛಾಯಾಚಿತ್ರಕ್ಕೆ ಮಾತ್ರ ಮಾರಕ. ರಂಗೀನ್ ಮಹಲಿನಲ್ಲಿ ಕರಿಕಲ್ಲಿನೊಳಗೆ ಕೂರಿಸಿದ ಮುತ್ತಿನ ಚಿಪ್ಪಿನ ಬಳ್ಳಿ, ಮಹಮೂದ್ ಗವಾನನ ಮದರಸಾದ (1472) ಹೆಂಚಿನ ಕೆಲಸ, ಅಷ್ಟೂರಿನಲ್ಲಿ ಅಹ್ಮದ್ ಶಾಹನ ಗೋರಿಯ ಒಳಗುಮ್ಮಟದ ವರ್ಣಚಿತ್ರ, ಎಲ್ಲವೂ ಒಂದೇ ಕಪ್ಪು ಮಚ್ಚೆಯಾಗುತ್ತವೆ. ಬರಹದಲ್ಲಿ ‘ಫಲಕ ನೋಡಿ’ ಎಂದಿರುತ್ತದೆ, ಫಲಕ ತೆರೆದರೆ ನೋಡಲು ಏನೂ ಇರುವುದಿಲ್ಲ.

ಇದಕ್ಕಿಂತ ಕೆಟ್ಟದ್ದು ಮಡಿಸಿದ ನಕ್ಷೆಗಳ ಗತಿ. ಸ್ಕ್ಯಾನ್ ಮಾಡುವವರು ಮಡಿಕೆ ಬಿಚ್ಚದೆ ಹಾಗೇ ಯಂತ್ರದ ಮೇಲಿಟ್ಟಿದ್ದರೆ ನಿಮಗೆ ಸಿಗುವುದು ನಕ್ಷೆಯ ಕಾಲು ಭಾಗ, ಅದರ ಪಕ್ಕದಲ್ಲಿ ಮಡಿಕೆಯ ಹಿಂಬದಿ. ಬಿಚ್ಚಿ ಸ್ಕ್ಯಾನ್ ಮಾಡಿದ್ದರೂ ಸಾಮಾನ್ಯ ಪುಸ್ತಕದ ಅಳತೆಯಾದ ಡೆಮಿ 1/8 ಪುಟಕ್ಕೆ ಕುಗ್ಗಿಸಿರುತ್ತಾರೆ. ಆಗ ಅಳತೆ ಸುಳ್ಳಾಗುತ್ತದೆ. ಕಲಬುರಗಿ ಕೋಟೆಯ ಜಾಮಿ ಮಸೀದಿಯನ್ನೇ (1367) ಉದಾಹರಣೆಗೆ ಇಟ್ಟುಕೊಳ್ಳೋಣ. ತೆರೆದ ಅಂಗಳವೇ ಇಲ್ಲದೆ ಪೂರ್ತಿ ಗುಮ್ಮಟಗಳಿಂದ ಮುಚ್ಚಿದ ಕಟ್ಟಡ, ಅಳತೆ ಸುಮಾರು 216 ಅಡಿಗೆ 176 ಅಡಿ. ಮೂಲ ನಕ್ಷೆಯಲ್ಲಿ 1 ಇಂಚಿಗೆ 40 ಅಡಿ ಎಂದಿದ್ದರೆ ಉದ್ದ 5.4 ಇಂಚು ಬರಬೇಕು. ಅದನ್ನು ಶೇ. 60ಕ್ಕೆ ಕುಗ್ಗಿಸಿದರೆ ಹಾಳೆಯ ಮೇಲೆ ಸುಮಾರು 3.25 ಇಂಚು. ‘1 ಇಂಚಿಗೆ 40 ಅಡಿ’ ಎಂಬ ಬರಹ ಮಾತ್ರ ಹಾಗೇ ಉಳಿದಿರುತ್ತದೆ. ಸ್ಕೇಲ್ ಇಟ್ಟು ಅಳೆದವರಿಗೆ ಮಸೀದಿ 130 ಅಡಿ ಉದ್ದ ಎಂದು ಸಿಗುತ್ತದೆ! ಆದ್ದರಿಂದ ಮರುಮುದ್ರಣದ ನಕ್ಷೆಯಲ್ಲಿ ಅಂಕಿಯಲ್ಲಿ ಬರೆದ ಅಳತೆಯನ್ನು ಎಂದೂ ನಂಬಬಾರದು. ನಕ್ಷೆಯೊಳಗೇ ಗೆರೆಯಾಗಿ ಎಳೆದ ಅಳತೆಪಟ್ಟಿ ಇದ್ದರೆ ಅದೂ ನಕ್ಷೆಯ ಜೊತೆಗೇ ಕುಗ್ಗಿರುತ್ತದೆ, ಅದನ್ನು ಬಳಸಬಹುದು.

ವಿಜ್ಞಾನದ ಪುಸ್ತಕಗಳಲ್ಲಿ ಬಣ್ಣವೇ ಮಾಹಿತಿ. ನಮ್ಮ ಭಾಗದ ಭೂವಿಜ್ಞಾನ ವರದಿಗಳಲ್ಲಿ ಭೀಮಾ ಕೊಳ್ಳದ ಸುಣ್ಣಕಲ್ಲು ಒಂದು ಬಣ್ಣ, ಅದರ ಮೇಲಿನ ದಖ್ಖನ್ ಟ್ರ್ಯಾಪ್ ಎಂಬ ಕರಿಕಲ್ಲು ಇನ್ನೊಂದು, ಬೀದರಿನ ಜಂಬಿಟ್ಟಿಗೆ ಮತ್ತೊಂದು. ಶಹಾಬಾದ್ ಕಲ್ಲಿನ ಪದರ ಎಲ್ಲಿ ಮುಗಿದು ಕರಿಕಲ್ಲು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯಲೆಂದೇ ಆ ನಕ್ಷೆ ಬೇಕು. ಕಪ್ಪು-ಬಿಳುಪಿನಲ್ಲಿ ಮೂರೂ ಒಂದೇ. ಇಂಥ ಪುಸ್ತಕದ ಮರುಮುದ್ರಣಕ್ಕೆ ದುಡ್ಡು ಹಾಕಬೇಡಿ.

ಇನ್ನು ಕಣ್ಣಿಗೆ ಬೀಳದ ತೊಂದರೆ, ಎಲ್ಲಕ್ಕಿಂತ ಗಂಭೀರವಾದದ್ದು. ಹಳೆಯ ಕಾಗದದ ಕಲೆಗಳನ್ನು ತೆಗೆಯಲು ಸ್ಕ್ಯಾನ್ ಆದ ಮೇಲೆ ಸಾಫ್ಟ್‌ವೇರ್‌ನಿಂದ ಚುಕ್ಕೆ ಅಳಿಸುವ ಕೆಲಸ ಮಾಡುತ್ತಾರೆ. ಕೊಳೆಯ ಚುಕ್ಕೆ ಯಾವುದು, ಅಕ್ಷರದ ಚುಕ್ಕೆ ಯಾವುದು ಎಂದು ಅದಕ್ಕೆ ತಿಳಿಯುವುದಿಲ್ಲ. ಶಾಸನ ಗ್ರಂಥಗಳಲ್ಲಿ ರೋಮನ್ ಲಿಪ್ಯಂತರ ಇದ್ದರೆ ಟ, ಡ, ಣ, ಳಗಳನ್ನು ತ, ದ, ನ, ಲಗಳಿಂದ ಬೇರೆ ಮಾಡುವುದು ಅಕ್ಷರದಡಿಯ ಒಂದು ಚುಕ್ಕೆ. ಅದು ಹೋದರೆ ಊರಿನ ಹೆಸರೇ ಬದಲಾಗುತ್ತದೆ. ಅಂಕಿಅಂಶದ ಪುಸ್ತಕದಲ್ಲಿ ಹೋಗುವುದು ದಶಮಾಂಶ ಬಿಂದು. ಕನ್ನಡ ಅಚ್ಚಿನಲ್ಲಿ ಮಹಾಪ್ರಾಣದ ಸಣ್ಣ ಸೀಳು ಮಸಿಯಿಂದ ತುಂಬಿಕೊಂಡು ‘ಧ’ ‘ದ’ ಆಗುತ್ತದೆ, ‘ಭ’ ‘ಬ’ ಆಗುತ್ತದೆ. ಒತ್ತಕ್ಷರಗಳು ಕೆಳಸಾಲಿಗೆ ಅಂಟಿಕೊಳ್ಳುತ್ತವೆ. ಕನ್ನಡ ಅಂಕಿಗಳಲ್ಲಿ ೬ ಮತ್ತು ೯ ಕಲಸಿಹೋಗುತ್ತವೆ. ವಚನ, ಶಾಸನ, ತೆರಿಗೆ ದಾಖಲೆ ಓದುವವರಿಗೆ ಇವು ಸಣ್ಣ ದೋಷಗಳಲ್ಲ.

ಸಾಮಾಜಿಕ ನೀತಿಯ ಗ್ರಂಥಗಳಲ್ಲಿ ನಮ್ಮ ಭಾಗದವರು ಮತ್ತೆ ಮತ್ತೆ ತೆರೆಯುವುದು ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ. ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದು ಅದು ಗುರುತಿಸಿತು: ಅತ್ಯಂತ ಹಿಂದುಳಿದವು 39, ಅತಿ ಹಿಂದುಳಿದವು 40, ಹಿಂದುಳಿದವು 35. ಈ ವಿಂಗಡಣೆ ನಿಂತಿರುವುದು ಒಂದು ಸೂಚ್ಯಂಕದ ಮೇಲೆ. 0.53ರಿಂದ 0.79 ಒಂದು ಗುಂಪು, 0.80ರಿಂದ 0.88 ಇನ್ನೊಂದು, 0.89ರಿಂದ 0.99 ಮೂರನೆಯದು. ಎರಡನೇ ದಶಮಾಂಶದ ಒಂದಂಕಿ ಮಸುಕಾದರೂ ತಾಲ್ಲೂಕು ಗುಂಪು ಬದಲಿಸಬಹುದು. ಇಂಥ ವರದಿಯ ಕೋಷ್ಟಕಗಳು ಅಗಲವಾಗಿರುತ್ತವೆ. ಎರಡು ಎದುರು ಪುಟಗಳಿಗೆ ಹರಡಿದ್ದರೆ ನಡುವಿನ ಕಾಲಂ ಬೆನ್ನಿನ ಮಡಿಕೆಯೊಳಗೆ ನುಂಗಿಹೋಗುತ್ತದೆ. ವರದಿ ಯಾವುದೇ ಇರಲಿ, ಜೆರಾಕ್ಸ್‌ನ ಜೆರಾಕ್ಸಿನಿಂದ ಮಾಡಿದ ಪ್ರತಿಯ ಅಂಕಿಯನ್ನು ಪ್ರಬಂಧಕ್ಕೆ ಎತ್ತಿಕೊಳ್ಳುವ ಮೊದಲು ಕೋಷ್ಟಕದ ಅಡ್ಡಸಾಲು, ಕೆಳಸಾಲುಗಳ ಮೊತ್ತ ಕೂಡಿ ನೋಡಿ. ಮೊತ್ತ ಕೂಡದಿದ್ದರೆ ಎಲ್ಲೋ ಒಂದು ಅಂಕಿ ಕೆಟ್ಟಿದೆ. ಸೂಚ್ಯಂಕದಂಥ ಕೂಡಿಸಲಾಗದ ಅಂಕಿಗಳಿಗೆ ಈ ಪರೀಕ್ಷೆ ನಡೆಯುವುದಿಲ್ಲ, ಅವಕ್ಕೆ ಮೂಲ ಪ್ರತಿ ನೋಡದೆ ದಾರಿಯಿಲ್ಲ.

ಪುಸ್ತಕ ಕೈಗೆ ಬಂದ ದಿನವೇ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ, ಪುಟ ಪರೀಕ್ಷೆ ಮಾಡಿ. ಎಲ್ಲ ಪುಟ ಓದಬೇಕಾಗಿಲ್ಲ. ಸರಿಯಾಗಿ ಕಟ್ಟಿದ ಪುಸ್ತಕದಲ್ಲಿ ಬೆಸ ಸಂಖ್ಯೆಯ ಪುಟ ಯಾವಾಗಲೂ ಬಲಗಡೆ ಇರುತ್ತದೆ. ಹಾಳೆಗಳನ್ನು ಹೆಬ್ಬೆರಳಿನಿಂದ ಬಿಡುತ್ತಾ ಬಲಗಡೆಯ ಸಂಖ್ಯೆ ಮಾತ್ರ ನೋಡಿ. ಎಲ್ಲಿ ಬಲಗಡೆ ಸಮಸಂಖ್ಯೆ ಬಂತೋ ಅದಕ್ಕೂ ಮೊದಲು ಒಂದು ಪುಟ ಬಿಟ್ಟಿದೆ ಅಥವಾ ಎರಡು ಸಲ ಅಚ್ಚಾಗಿದೆ. ಎದುರುಬದುರು ಎರಡು ಪುಟ ಒಟ್ಟಿಗೆ ಬಿಟ್ಟಿದ್ದರೆ ಈ ಉಪಾಯಕ್ಕೆ ಸಿಗುವುದಿಲ್ಲ, ಸಂಖ್ಯೆಯ ಜಿಗಿತವನ್ನೇ ಹಿಡಿಯಬೇಕು. ಫಲಕಗಳಿಗೆ ಸಾಮಾನ್ಯವಾಗಿ ಪುಟಸಂಖ್ಯೆ ಇರುವುದಿಲ್ಲ. ಪುಸ್ತಕದ ಮೊದಲಲ್ಲಿರುವ ಫಲಕಪಟ್ಟಿ ತೆರೆದಿಟ್ಟು ಒಂದೊಂದಕ್ಕೂ ಟಿಕ್ ಹಾಕುತ್ತಾ ಹೋಗಿ. ಕೊನೆಯಲ್ಲಿ ಶಬ್ದಸೂಚಿ ಇದೆಯೇ ನೋಡಿ. ಎರಡು ಸಂಪುಟದ ಗ್ರಂಥಕ್ಕೆ ಸೂಚಿ ಎರಡನೆಯದರಲ್ಲೇ ಇರುವುದುಂಟು, ಮಾರುವವರು ಮೊದಲನೆಯದನ್ನಷ್ಟೇ ‘ಸಂಪೂರ್ಣ’ ಎಂದು ಮಾರುವುದೂ ಉಂಟು.

ಕಾಗದವನ್ನು ತೂಕದ ಮೇಲೆ ಹಿಡಿಯಬಹುದು. ಡೆಮಿ 1/8 ಅಂದರೆ ಸುಮಾರು 5.5 ಇಂಚಿಗೆ 8.5 ಇಂಚು. 500 ಪುಟ, ಅಂದರೆ 250 ಹಾಳೆ. 80 ಜಿಎಸ್‌ಎಂ (ಒಂದು ಚದರ ಮೀಟರಿಗೆ 80 ಗ್ರಾಂ ತೂಗುವ) ಕಾಗದವಾದರೆ ರಕ್ಷಾಪುಟ ಬಿಟ್ಟು ಸುಮಾರು 600 ಗ್ರಾಂ ತೂಗಬೇಕು. ಅಡುಗೆಮನೆಯ ತಕ್ಕಡಿಯಲ್ಲಿ 450 ಗ್ರಾಂ ಬಂದರೆ ಕಾಗದ 60 ಜಿಎಸ್‌ಎಂ, ಹಿಂದಿನ ಪುಟದ ಅಕ್ಷರ ಮುಂದಕ್ಕೆ ಕಾಣುತ್ತದೆ, ಪೆನ್ಸಿಲ್ ಗುರುತು ಹಾಕಿದರೂ ಹಿಂದೆ ಒತ್ತು ಬೀಳುತ್ತದೆ.

ಬೈಂಡಿಂಗ್ ವಿಷಯದಲ್ಲಿ ನಮ್ಮ ಕಡೆಯ ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಈ ಪುಸ್ತಕಗಳ ಬೆನ್ನಿಗೆ ಹಾಕುವುದು ಹೆಚ್ಚಾಗಿ ಕಾಯಿಸಿ ಹಚ್ಚುವ ಅಂಟು. ಮೇ ತಿಂಗಳಲ್ಲಿ ಹೊರಗೇ 42 ಡಿಗ್ರಿ ದಾಟುವ ಊರಿನಲ್ಲಿ ಪತ್ರಾಸಿನ ಕೋಣೆ, ಬಿಸಿಲಿಗೆ ನಿಲ್ಲಿಸಿದ ಕಾರು ಇನ್ನೂ ಬಹಳ ಕಾಯುತ್ತವೆ. ಹಗಲು ಅಂಟು ಮೆತ್ತಗಾಗುತ್ತದೆ, ರಾತ್ರಿ ಬಿಗಿಯುತ್ತದೆ. ದಪ್ಪ ಪುಸ್ತಕವನ್ನು ನೆಟ್ಟಗೆ ನಿಲ್ಲಿಸಿಟ್ಟಿದ್ದರೆ ಬೆನ್ನು ಜೋತುಬೀಳುತ್ತದೆ, ತೆರೆದಾಗ ನಡುವೆ ಸೀಳಿ ಹಾಳೆ ಒಂದೊಂದಾಗಿ ಉದುರುತ್ತದೆ. 400 ಪುಟ ಮೀರಿದ ಪ್ರತಿಯನ್ನು ಮಲಗಿಸಿ ಇಡಿ.

ಬಿಚ್ಚಿದ ಪುಸ್ತಕವನ್ನು ಪಿಎಚ್‌ಡಿ ಪ್ರಬಂಧ ಕಟ್ಟುವ ಬೈಂಡಿಂಗ್ ಅಂಗಡಿಗೆ ಕೊಟ್ಟರೆ ಸಾಮಾನ್ಯವಾಗಿ ಮಗ್ಗುಲಿಗೆ ತೂತು ಹಾಕಿ ಹೊಲಿದು ರೆಕ್ಸಿನ್ ರಟ್ಟು ಹಚ್ಚುತ್ತಾರೆ. ಗಟ್ಟಿ ಕೆಲಸ, ಆದರೆ ಒಳಅಂಚಿನಲ್ಲಿ 10 ಮಿ.ಮೀ.ನಷ್ಟು ಜಾಗ ನುಂಗುತ್ತದೆ. ಮರುಮುದ್ರಣಗಳಲ್ಲಿ ಒಳಅಂಚು ಮೊದಲೇ ಕಡಿಮೆ, ಸಾಲಿನ ಮೊದಲ ಅಕ್ಷರಗಳೇ ಹೊಲಿಗೆಯೊಳಗೆ ಹೋಗುತ್ತವೆ. ಆದ್ದರಿಂದ ಕೊಡುವಾಗಲೇ ಹೇಳಿ: ಮಗ್ಗುಲು ಹೊಲಿಗೆ ಬೇಡ. ಹಳೆ ಅಂಟನ್ನು ಕೆರೆದು, ಹಾಳೆಗಳನ್ನು ಒತ್ತಿ ಹಿಡಿದು, ಬೆನ್ನನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಬೀಸಣಿಗೆಯ ಹಾಗೆ ಬಾಗಿಸಿ ಎರಡೂ ಸಲ ಬಿಳಿ ಅಂಟು ಹಚ್ಚಬೇಕು. ಆಗ ಪ್ರತಿ ಹಾಳೆಯ ಅಂಚಿಗೂ ಕೂದಲೆಳೆಯಷ್ಟು ಅಂಟು ಇಳಿಯುತ್ತದೆ. ಮೇಲೆ ಜಾಳು ಬಟ್ಟೆ ಅಂಟಿಸಿ, ಒಂದು ರಾತ್ರಿ ಭಾರದಡಿ ಇಟ್ಟು, ಆಮೇಲೆ ರಟ್ಟು. ತುಂಬ ದಪ್ಪವಿದ್ದರೆ ಬೆನ್ನಿಗೆ 2-3 ಮಿ.ಮೀ. ಆಳದ ಗೀರುಗಳನ್ನು ಹಾಕಿ ದಾರ ಕೂರಿಸಲು ಹೇಳಬಹುದು. ಇಷ್ಟು ಮಾಡಿದರೆ ಪುಸ್ತಕ ಚಪ್ಪಟೆಯಾಗಿ ತೆರೆಯುತ್ತದೆ, ಅಕ್ಷರವೂ ಉಳಿಯುತ್ತದೆ.

ಆರ್ಡರ್ ಮಾಡುವ ಮೊದಲು ಮೂಲ ಪ್ರತಿ ಹತ್ತಿರದಲ್ಲೇ ಇದೆಯೇ ಹುಡುಕಿ. ಗುಲಬರ್ಗಾ ವಿಶ್ವವಿದ್ಯಾಲಯ (1980), ಕಡಗಂಚಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ (2009) ಎರಡರ ಗ್ರಂಥಾಲಯಗಳನ್ನೂ ಕೇಳಬೇಕು. ಹುಡುಕುವಾಗ ಹೆಸರು ಜಾಗ್ರತೆ. 2014ರ ನವೆಂಬರ್ ಮೊದಲಿನ ಪುಸ್ತಕಗಳು ಗ್ರಂಥಾಲಯದ ಇಂಗ್ಲಿಷ್ ಸೂಚಿಯಲ್ಲಿ ‘ಕಲಬುರಗಿ’ ಎಂದು ಸಿಗುವುದು ಕಡಿಮೆ, ‘ಗುಲ್ಬರ್ಗಾ’ ಎಂದು ಹಾಕಿ. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಕೊನೆಗೆ, ಅದಕ್ಕೂ ಹಿಂದಿನ ಗೆಜೆಟಿಯರ್, ಜನಗಣತಿಗಳಲ್ಲಿ ಸುರಪುರ, ಶಹಾಪುರಗಳ ವಿಷಯ ಗುಲ್ಬರ್ಗಾ ಸಂಪುಟದೊಳಗಿದೆ. 1956ಕ್ಕೂ ಹಿಂದಿನದಾದರೆ ‘ಹೈದರಾಬಾದ್ ಸಂಸ್ಥಾನ’, ‘ನಿಜಾಮರ ರಾಜ್ಯ’ ಎಂದು ಹುಡುಕಬೇಕು. 2025ರ ಜನವರಿಯಿಂದ ನಡೆಯುತ್ತಿರುವ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಿಂದ ಪುಸ್ತಕಕ್ಕೆ ಅನುಕೂಲವಿಲ್ಲ, ಅದು ಸಂಶೋಧನಾ ಪತ್ರಿಕೆಗಳಿಗೆ.

ಕಾನೂನಿನ ಕಡೆಯಿಂದಲೂ ಒಂದು ಮಾತು. ಭಾರತದಲ್ಲಿ ಹಕ್ಕುಸ್ವಾಮ್ಯ ಲೇಖಕರ ಮರಣಾನಂತರ 60 ವರ್ಷ ಇರುತ್ತದೆ. 1970-80ರ ದಶಕದ ವಿದ್ವಾಂಸರ ಪುಸ್ತಕವನ್ನು, ಮೂಲ ಪ್ರಕಾಶಕರ ಹೆಸರಿಲ್ಲದೆ, ಒಳಗೆ ಮುದ್ರಕರ ವಿಳಾಸವೂ ಇಲ್ಲದೆ ಮಾರುತ್ತಿದ್ದರೆ ಅದು ಅನುಮತಿ ಇಲ್ಲದ ಪ್ರತಿಯಾಗಿರುವ ಸಂಭವ ಹೆಚ್ಚು. ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳ ಪುಸ್ತಕಗಳಿಗೆ ಹೀಗಾಗುವುದು ನಿಜಕ್ಕೂ ನೋವಿನ ಸಂಗತಿ, ಕಡಿಮೆ ಬೆಲೆಗೆ ಓದುಗರಿಗೆ ಮುಟ್ಟಿಸಲೆಂದೇ ಅವು ಇರುವುದು. ಮೊದಲು ಪ್ರಸಾರಾಂಗಕ್ಕೇ ಫೋನ್ ಮಾಡಿ ಪ್ರತಿ ಉಳಿದಿದೆಯೇ ಕೇಳಿ. ಪುಸ್ತಕಗಳಿಗೆಂದು ಅಂಚೆ ಇಲಾಖೆ 2025ರ ಮೇ 1ರಿಂದ ಶುರುಮಾಡಿದ ‘ಜ್ಞಾನ್ ಪೋಸ್ಟ್’ನಲ್ಲಿ ಆರಂಭದ ದರ 300 ಗ್ರಾಂವರೆಗೆ 20 ರೂ., 5 ಕೆ.ಜಿ.ವರೆಗೆ 100 ರೂ., ತೆರಿಗೆ ಬೇರೆ. ದಪ್ಪ ಸಂಪುಟಗಳಿಗೆ ಕೊರಿಯರ್‌ಗಿಂತ ಬಹಳ ಅಗ್ಗ. ರಸ್ತೆ, ರೈಲಿನಲ್ಲಿ ಬರುವುದರಿಂದ ತಡವಾಗುತ್ತದೆ, ಆದರೆ ಎಲ್ಲಿದೆ ಎಂದು ನಂಬರ್ ಹಾಕಿ ನೋಡಬಹುದು.

ಮಾರಾಟಕ್ಕೇ ಇಲ್ಲದ ಪುಸ್ತಕವಾದರೆ, ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯವು ತನ್ನ ಬಳಕೆಗಾಗಿ 3 ಪ್ರತಿಗಳವರೆಗೆ ಮಾಡಿಕೊಳ್ಳಲು 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ ಅವಕಾಶ ಕೊಡುತ್ತದೆ. ಕಾಲೇಜು ಗ್ರಂಥಪಾಲಕರು ಇದನ್ನು ತಿಳಿದಿರಬೇಕು.

ಹಕ್ಕುಸ್ವಾಮ್ಯ ಮುಗಿದ ಫಲಕಪ್ರಧಾನ ಪುಸ್ತಕ ಬೇಕೇಬೇಕು ಎನ್ನುವವರು ಎರಡನ್ನೂ ಕೂಡಿಸಬಹುದು. ಬರಹಕ್ಕೆ ಮರುಮುದ್ರಣ ತರಿಸಿ. ಗ್ರಂಥಾಲಯದ ಮೂಲ ಪ್ರತಿಯ ಮುಖ್ಯ ನಕ್ಷೆ, ಫಲಕಗಳನ್ನು ಅನುಮತಿ ಪಡೆದು, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು, ನೇರ ಮೇಲಿನಿಂದ ಫೋಟೋ ತೆಗೆಯಿರಿ. ಎ3 ಹಾಳೆಯಲ್ಲಿ ಬಣ್ಣದಲ್ಲಿ ಮುದ್ರಿಸಿ, ಮಡಿಸಿ, 5 ಮಿ.ಮೀ. ಅಂಚಿಗಷ್ಟೇ ಅಂಟು ಹಚ್ಚಿ ಆಯಾ ಪುಟದಲ್ಲಿ ಸೇರಿಸಿ. ಮಡಿಸಿದ ಹಾಳೆಗಳಿಂದ ಪುಸ್ತಕದ ಹೊರ ಅಂಚು ಉಬ್ಬುತ್ತದೆ, ಅದಕ್ಕೆ ಬೆನ್ನಿನ ಕಡೆ ಅಷ್ಟೇ ದಪ್ಪದ ಸಣ್ಣ ಕಾಗದಪಟ್ಟಿಗಳನ್ನು ಕೂರಿಸಲು ಬೈಂಡರ್‌ಗೆ ಮೊದಲೇ ತಿಳಿಸಿ. ಈ ಕೆಲಸವೆಲ್ಲ ಪುಸ್ತಕ ಮತ್ತೆ ಕಟ್ಟಿಸುವ ಮುಂಚೆಯೇ ಮುಗಿಯಬೇಕು, ಕಟ್ಟಿದ ಮೇಲೆ ಪಟ್ಟಿ ಹಾಕಲು ಬರುವುದಿಲ್ಲ.