ಹುಬ್ಬಳ್ಳಿಯ ಪೇನ್ ಕ್ಲಿನಿಕ್: ನಾಲ್ಕು ಸ್ಟಾರ್, ಒಂದು ಕಟ್

ಮೊದಲೇ ಹೇಳಿಬಿಡುತ್ತೇನೆ, ನನ್ನ ನೋವು ಪೂರ್ತಿ ಹೋಗಿಲ್ಲ. ಆದರೂ ನಾಲ್ಕು ಸ್ಟಾರ್.

ಎರಡು ವರ್ಷದ ಹಿಂದೆ ಕಿಟಕಿ ಗಾಜು ಜಾರಿ ಎಡ ಮಣಿಕಟ್ಟಿನ ಹತ್ತಿರ ಕಿರುಬೆರಳಿಗೆ ಹೋಗುವ ನರ ಕಟ್ ಆಯಿತು. ಆಪರೇಷನ್ ಮಾಡಿ ಜೋಡಿಸಿದರು. ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ ಅಂದರು, ನಾನು ಸ್ಕೇಲ್ ಹಿಡಿದು ಬೆರಳ ತುದಿವರೆಗೆ ಅಳೆದು ಆರೇಳು ತಿಂಗಳು ಅಂತ ಲೆಕ್ಕ ಹಾಕಿ ಕಾದೆ. ಗಾಯ ಮಾಯಿತು, ಉರಿ ಉಳಿಯಿತು. ಅಂಗಿ ತೋಳು ಸೋಕಿದರೆ ಚುರ್ ಅನ್ನುತ್ತದೆ. ಚಿಗರಿ ಬಸ್ಸಿನ ಎಸಿ ಗಾಳಿ ಬಡಿದರೂ ಕರೆಂಟ್ ಹೊಡೆದ ಹಾಗೆ, ಬ್ಯಾಗಿನ ಹಿಂದೆ ಕೈ ಅಡಗಿಸಿ ಕೂರುತ್ತೇನೆ. ಮೊದಲು ತೋರಿಸಿದ ಡಾಕ್ಟರು "ಗಾಯ ಮಾಸೇತ್ರಿ, ಸುಮ್ನ ಟೆನ್ಶನ್ ತಗೋಬ್ಯಾಡ್ರಿ" ಅಂದು ಕಳಿಸಿದ್ದರು.

ಇಲ್ಲಿನ ಮೇಡಂ ಹತ್ತಿಯ ಎಳೆಯಿಂದ ಕೈ ಸವರಿದರು, ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಆಮೇಲೆ ಅರ್ಧ ತಾಸು ಬಿಡಿಸಿ ಹೇಳಿದರು. ಪೆಟ್ಟಾದ ನರ ಯಾರೂ ಮುಟ್ಟದಿದ್ದರೂ ತಾನೇ ಸಿಗ್ನಲ್ ಕಳಿಸುತ್ತದೆ, ಅದನ್ನು ಕೇಳಿ ಕೇಳಿ ಬೆನ್ನುಹುರಿಯೂ ಮೆದುಳೂ ಜಾತ್ರೆಯ ಮೈಕ್ ಸೆಟ್ಟಿನ ಹಾಗೆ ಸಣ್ಣ ದನಿಯನ್ನೂ ದೊಡ್ಡದು ಮಾಡುತ್ತವೆ. ಅದಕ್ಕೇ ಮಾಮೂಲಿ ನೋವಿನ ಮಾತ್ರೆ ನಾಟಿರಲಿಲ್ಲ. ನನ್ನದು ನಾಟಕ ಅಲ್ಲ ಅಂತ ಹೆಂಡತಿಯೂ ಅಲ್ಲೇ ಕೂತು ಕೇಳಿಸಿಕೊಂಡಳಲ್ಲ, ಕೊಟ್ಟ ಫೀಸು ಅಲ್ಲಿಗೇ ವಸೂಲಾಯಿತು.

ರಾತ್ರಿಗೆ ಪ್ರಿಗ್ಯಾಬಲಿನ್ ಅನ್ನುವ ನರದ ನೋವಿನ ಔಷಧಿ ಕೊಟ್ಟರು, ಕಡಿಮೆ ಡೋಸಿನಿಂದ ಶುರು. ಮೊದಲ ವಾರ ತೂಕಡಿಕೆ ಜಾಸ್ತಿ, ಬೈಕ್ ಮುಟ್ಟಲಿಲ್ಲ. ತಟ್ಟನೆ ನಿಲ್ಲಿಸಬೇಡಿ ಅಂತ ಎರಡು ಸಲ ಹೇಳಿದ್ದಾರೆ. ಹಚ್ಚಲು ಮೆಣಸಿನಕಾಯಿ ಖಾರದ ಕ್ಯಾಪ್ಸೈಸಿನ್ ಮುಲಾಮು. ಬ್ಯಾಡಗಿಯವನಿಗೆ ಮೆಣಸಿನಕಾಯಿ ಮುಲಾಮು! ಮೊದಲು ಉರಿಸಿ, ಹಚ್ಚುತ್ತಾ ಹೋದರೆ ನೋವಿನ ನರದ ತುದಿಯನ್ನೇ ಮಂಕು ಮಾಡುತ್ತದಂತೆ. (ನಮ್ಮ ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ, ಅದು ಬೇರೆ ಮಾತು.)

ನನಗೆ ಹಿಡಿಸಿದ್ದು ಫಿಸಿಯೋಥೆರಪಿ. ಮೊದಲು ಹತ್ತಿ, ಆಮೇಲೆ ಮೆತ್ತನೆ ಬಟ್ಟೆ, ಆಮೇಲೆ ಒರಟು ಟವೆಲ್, ಕೊನೆಗೆ ಜೋಳದ ಡಬ್ಬಿಯಲ್ಲಿ ಕೈ ಇಟ್ಟು ಆಡಿಸುವುದು. ದಿನಕ್ಕೆ ಮೂರು ಸಲ, ಐದೈದು ನಿಮಿಷ. ಮೊದಲ ದಿನ ಕಣ್ಣಲ್ಲಿ ನೀರು. ಈಗ ಮೂರು ತಿಂಗಳಾಯಿತು, ತುಂಬು ತೋಳಿನ ಅಂಗಿಯನ್ನು ಎರಡು ತಾಸು ತಡೆದುಕೊಳ್ಳುತ್ತೇನೆ.

ಒಂದು ಸ್ಟಾರ್ ಕಟ್ ಯಾಕೆ? ಹತ್ತು ಗಂಟೆಗೆ ಬರಹೇಳಿ ಹನ್ನೆರಡೂವರೆಗೆ ಒಳಗೆ ಕರೆಯುತ್ತಾರೆ. ಅದೂ ಹೋಗಲಿ, ಗಾಳಿ ಸೋಕಿದರೆ ಉರಿಯುವವರನ್ನೆಲ್ಲ ಅಷ್ಟು ಹೊತ್ತು ಕೂರಿಸುವುದು ಸೀದಾ ಫ್ಯಾನ್ ಕೆಳಗೆ!