ಸ್ಕೋಫೀಲ್ಡ್ ಸೌಂಡ್ ಬೇಕು, ಬಜೆಟ್ ಸಣ್ಣದು: ಐಬನೇಜ್ ಎಎಸ್73 ವರ್ಷಗಟ್ಟಲೆ ಬಳಸಿದ ಮೇಲಿನ ವಿಮರ್ಶೆ

ಜಾಝ್ ಗಿಟಾರ್ ವಾದಕ ಜಾನ್ ಸ್ಕೋಫೀಲ್ಡ್ ಅವರನ್ನು ಕೇಳಿ ಸೆಮಿ-ಹಾಲೋ (ಅರ್ಧ ಟೊಳ್ಳು ದೇಹದ) ಗಿಟಾರಿನ ಆಸೆ ಹತ್ತಿದವರಿಗೆ ಏನು ಕೊಳ್ಳಬೇಕೆಂಬ ಗೊಂದಲ ಕಡಿಮೆ. ಎಂಬತ್ತರ ದಶಕದಲ್ಲಿ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ತಂಡದಲ್ಲಿದ್ದಾಗಿನಿಂದಲೂ ಅವರ ಕೈಯಲ್ಲಿರುವುದು ಐಬನೇಜ್ ಎಎಸ್200, 1981ರಲ್ಲಿ ಜಪಾನಿನಲ್ಲಿ ತಯಾರಾದದ್ದು. ಗೊಂದಲವಿಲ್ಲ, ಆದರೆ ದುಡ್ಡು ಬೇಕು. ಆ ಕಾಲದ ಎಎಸ್200 ಸಿಗುವುದೇ ಅಪರೂಪ. ಅವರ ಹೆಸರಿನಲ್ಲಿ ಬರುವ ಜೆಎಸ್‌ಎಂ100 ಕೂಡ ಹೆಚ್ಚಿನವರ ಕೈಗೆಟುಕುವ ಬೆಲೆಯದ್ದಲ್ಲ. ಅದೇ ಆಕಾರವನ್ನು ಕಡಿಮೆ ಬೆಲೆಗೆ ಕೊಡುವುದು ಐಬನೇಜ್‌ನದ್ದೇ ಆರ್ಟ್‌ಕೋರ್ ಸಾಲಿನ ಎಎಸ್73. ಅಮೆರಿಕದಲ್ಲಿ ಸುಮಾರು 500 ಡಾಲರ್. ಇಲ್ಲಿ ಸುಂಕ ಸೇರಿ ಅಂಗಡಿಯಿಂದ ಅಂಗಡಿಗೆ ಬೆಲೆ ಏರಿಳಿಯುತ್ತದೆ.

ತೀರ್ಪನ್ನು ಮೊದಲೇ ಹೇಳುತ್ತೇನೆ. ಕೊಳ್ಳಿ, ಆದರೆ ಇಟ್ಟುಕೊಂಡ ಹಣವನ್ನೆಲ್ಲ ಗಿಟಾರಿಗೇ ಸುರಿಯಬೇಡಿ. ಐದನೇ ಒಂದು ಪಾಲನ್ನು ನಟ್ (ಗಿಟಾರಿನ ಕುತ್ತಿಗೆಯ, ಅಂದರೆ ನೆಕ್ಕಿನ, ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ), ತಂತಿ, ಸೆಟಪ್ಪಿಗೆ (ಅಳತೆಗಳ ಹೊಂದಾಣಿಕೆಗೆ) ಎತ್ತಿಡಿ. ಈ ಬೆಲೆಯ ಸೆಮಿ-ಹಾಲೋಗಳಲ್ಲಿ ಮರಗೆಲಸ ನಿರೀಕ್ಷೆಗಿಂತ ಚೆನ್ನಾಗಿರುತ್ತದೆ. ಕೊರತೆ ಇರುವುದೆಲ್ಲ ಸಣ್ಣ ಸಣ್ಣ ಭಾಗಗಳಲ್ಲಿ, ಅವನ್ನು ಸರಿಪಡಿಸಬಹುದು.

ಕೊಳ್ಳುವಾಗ ಮಾದರಿಯ ಹೆಸರಿನ ಮೊದಲ ಎರಡು ಅಕ್ಷರಗಳನ್ನು ಸರಿಯಾಗಿ ಓದಿ. ಎಎಸ್ ಎಂದರೆ ತೆಳು ದೇಹ, ನಡುವೆ ಉದ್ದಕ್ಕೂ ಮರದ ಬ್ಲಾಕ್. ಎಎಂ ಅದರದ್ದೇ ಸಣ್ಣ ರೂಪ. ಎಎಫ್ ಪೂರ್ತಿ ಟೊಳ್ಳು. ಅಂಗಡಿಯ ಗೋಡೆಯ ಮೇಲೆ ಎಎಸ್73, ಎಎಫ್75 ಅಕ್ಕಪಕ್ಕ ನೇತಾಡುತ್ತಿದ್ದರೆ ಎರಡೂ ಚೆಂದವೇ ಕಾಣುತ್ತವೆ. ಡಿಸ್ಟಾರ್ಷನ್ ಪೆಡಲ್ ಒತ್ತಿದ ಕ್ಷಣ ವ್ಯತ್ಯಾಸ ಗೊತ್ತಾಗುತ್ತದೆ. ಟೊಳ್ಳು ದೇಹದ ಮೇಲ್ಪದರ ಆಂಪಿನ ಸದ್ದಿಗೆ ತಾನೂ ಕಂಪಿಸುತ್ತದೆ, ಆ ಕಂಪನ ತಂತಿಗೆ, ತಂತಿಯಿಂದ ಪಿಕಪ್ಪಿಗೆ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ), ಅಲ್ಲಿಂದ ಮತ್ತೆ ಆಂಪಿಗೆ ಸುತ್ತಿ ಊಳಿಡತೊಡಗುತ್ತದೆ. ನಡುವಿನ ಬ್ಲಾಕ್ ಬ್ರಿಡ್ಜನ್ನು (ದೇಹದ ಮೇಲೆ ತಂತಿಗಳನ್ನು ಹೊರುವ ಭಾಗ) ಗಟ್ಟಿಯಾಗಿ ಹಿಡಿದಿಟ್ಟು ಈ ಸುತ್ತನ್ನು ಮುರಿಯುತ್ತದೆ. ಗಿಬ್ಸನ್ 1958ರಲ್ಲಿ ಇಎಸ್-335 ತಂದಿದ್ದೇ ಈ ಸಮಸ್ಯೆಗೆ ಉತ್ತರವಾಗಿ. ಸಂಶಯವಿದ್ದರೆ ಮೊಬೈಲ್ ಟಾರ್ಚನ್ನು ಎಫ್-ಹೋಲ್ (ಮೇಲ್ಪದರದಲ್ಲಿರುವ ಎಫ್ ಆಕಾರದ ತೂತು) ಒಳಗೆ ಹಾಯಿಸಿ, ಗಿಟಾರಿನ ನಡುಗೆರೆಯ ಕಡೆ ನೋಡಿ. ತಳದಿಂದ ಮೇಲ್ಪದರದವರೆಗೆ ಮರದ ಗೋಡೆ ಕಂಡರೆ ಬ್ಲಾಕ್ ಇದೆ. ಆಚೆಬದಿಯ ಎಫ್-ಹೋಲಿನ ಬೆಳಕು ಕಂಡರೆ ಇಲ್ಲ.

ಮೆಚ್ಚಿನ ವಾದಕರು ಬೇರೆಯವರಾದರೆ ಇದೇ ಪ್ರಶ್ನೆಗೆ ಉತ್ತರವೂ ಬೇರೆ. ಜಾಝ್ ವಾದಕ ಗ್ರ್ಯಾಂಟ್ ಗ್ರೀನ್ ಅವರ ಗಿಬ್ಸನ್ ಇಎಸ್-330 ನೋಡಲು 335ರಂತೆಯೇ ಇದ್ದರೂ ಪೂರ್ತಿ ಟೊಳ್ಳು, ಪಿಕಪ್ಪುಗಳು ಒಂದೇ ಸುರುಳಿಯ ಪಿ-90. ಆ ದನಿ ಬೇಕಿದ್ದವರು ಎಪಿಫೋನ್ ಕಸೀನೋ ಕಡೆ ಹೋಗಬೇಕು, ಎಎಸ್73 ಕೊಂಡು ನಿರಾಶರಾಗಬಾರದು. ಬ್ಲೂಸ್ ವಾದಕ ಬಿ.ಬಿ. ಕಿಂಗ್ ಅವರ ಲೂಸಿಲ್ ಮಾದರಿಯಲ್ಲಿ ಎಫ್-ಹೋಲೇ ಇಲ್ಲ. ಊಳಿಡುವುದನ್ನು ತಡೆಯಲೆಂದೇ ಮುಚ್ಚಿದ್ದು. ಫೋಟೋದಲ್ಲಿ ಎಲ್ಲವೂ ಒಂದೇ ಜಾತಿಯಂತೆ ಕಾಣುವುದರಿಂದಲೇ ಇಷ್ಟು ಹೇಳಬೇಕಾಯಿತು.

ಎಎಸ್73 ಕೈಗೆ ಹೇಗಿದೆ? ಸ್ಕೇಲ್ (ನಟ್‌ನಿಂದ ಬ್ರಿಡ್ಜಿನವರೆಗೆ ತಂತಿಯ ಉದ್ದ) 24.75 ಇಂಚು, 22 ಫ್ರೆಟ್ (ನೆಕ್ಕಿನ ಮೇಲಿನ ಲೋಹದ ಅಡ್ಡಪಟ್ಟಿ), ನಟ್ ಬಳಿ ಅಗಲ 43 ಮಿ.ಮೀ. ನೆಕ್ಕನ್ನು ದೇಹಕ್ಕೆ ಅಂಟಿನಿಂದಲೇ ಕೂರಿಸಿದ್ದಾರೆ. ಉದ್ದ ಸ್ಕೇಲಿನ ಫೆಂಡರ್ ಸ್ಟ್ರಾಟಿನಿಂದ ಬಂದವರಿಗೆ ತಂತಿ ಸಡಿಲ ಅನ್ನಿಸುತ್ತದೆ, ಬೆಂಡ್ (ತಂತಿ ಎಳೆದು ಸ್ವರ ಏರಿಸುವುದು) ಸಲೀಸು. ಕಾರ್ಖಾನೆಯಿಂದ 10-46 ತಂತಿ (ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ) ಹಾಕಿ ಬರುತ್ತದೆ. ಸ್ಕೋಫೀಲ್ಡ್ ಶೈಲಿಯಲ್ಲಿ ಎಡಗೈ ಲೆಗಾಟೋ (ಪ್ರತಿ ಸ್ವರ ಮೀಟದೆ ಬೆರಳಿಂದಲೇ ಜೋಡಿಸುವುದು) ಹೆಚ್ಚು, ಬಲಗೈ ಹೊಡೆತ ಒಮ್ಮೆ ಮೆಲ್ಲಗೆ, ಒಮ್ಮೆ ಜೋರು. ಈ ಸ್ಕೇಲಿನಲ್ಲಿ 10ರ ತಂತಿ ಜೋರು ಹೊಡೆತಕ್ಕೆ ಶ್ರುತಿಯಿಂದ ಮೇಲಕ್ಕೆ ಜಿಗಿದು ವಾಪಸ್ ಬರುತ್ತದೆ. 11-49 ಹಾಕಿದರೆ ಅದು ನಿಲ್ಲುತ್ತದೆ, ಸ್ವರಕ್ಕೂ ಮೈ ಬರುತ್ತದೆ. ಇನ್ನೂ ದಪ್ಪಕ್ಕೆ ಹೋಗುವ ಅಗತ್ಯ ನನಗಂತೂ ಕಾಣಲಿಲ್ಲ.

ಆದರೆ 11ರ ಸೆಟ್ ಹಾಕಿದ ಕೂಡಲೇ ನಟ್ ತಕರಾರು ಶುರು. 17ರ ಜಿ ತಂತಿಗೆಂದು ಕೊರೆದ ಕಚ್ಚಿನಲ್ಲಿ 18 ಸಿಕ್ಕಿಕೊಳ್ಳುತ್ತದೆ, 13ರ ಜಾಗದಲ್ಲಿ 14. ಶ್ರುತಿ ಮಾಡುವಾಗ ನಟ್ ಬಳಿ ‘ಟಿಂಕ್’ ಎಂದು ಸದ್ದಾಗಿ ಸ್ವರ ಒಮ್ಮೆಲೇ ಹಾರಿದರೆ ಇದೇ ಕಾರಣ. ಟ್ಯೂನರ್ ಸರಿಯಿಲ್ಲವೆಂದು ಅದನ್ನು ಬದಲಿಸಲು ಹೊರಡುವವರು ಬಹಳ. ಹತ್ತರಲ್ಲಿ ಎಂಟು ಸಲ ತಪ್ಪು ನಟ್‌ನದ್ದೇ ಇರುತ್ತದೆ. ತಾತ್ಕಾಲಿಕವಾಗಿ ಮೆತ್ತನೆಯ ಪೆನ್ಸಿಲ್ಲಿನ ಪುಡಿ ಕಚ್ಚಿಗೆ ತುಂಬಬಹುದು. ಶಾಶ್ವತವಾಗಿ ಬೇಕೆಂದರೆ ಮೂಳೆಯ ನಟ್ ಹಾಕಿಸಿ, 11ರ ಸೆಟ್ಟಿಗೇ ಕೊರೆಸಿ. ಕಚ್ಚಿನ ಆಳ ಹೀಗೆ ನೋಡಿ: ಮೂರನೇ ಫ್ರೆಟ್ ಬಳಿ ತಂತಿ ಒತ್ತಿದಾಗ ಮೊದಲ ಫ್ರೆಟ್ ಮತ್ತು ತಂತಿಯ ನಡುವೆ ಒಂದು ತೆಳು ಹಾಳೆ ತೂರುವಷ್ಟು ಜಾಗ ಉಳಿದರೆ ಸಾಕು.

ನಟ್ ಸರಿಯಾದ ಮೇಲೆ ಉಳಿದ ಸೆಟಪ್, ಇದೇ ಕ್ರಮದಲ್ಲಿ. ಮೊದಲು ನೆಕ್: ಒಂದನೇ ಫ್ರೆಟ್ಟಿಗೆ ಕೇಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಕೊನೆಯ ಫ್ರೆಟ್ ಒತ್ತಿ ಹಿಡಿದು, ಎಂಟನೇ ಫ್ರೆಟ್ ಮತ್ತು ತಂತಿಯ ನಡುವಿನ ಅಂತರ ಅಳೆಯಿರಿ. 0.20ರಿಂದ 0.25 ಮಿ.ಮೀ. ಇರಲಿ. ಟ್ರಸ್ ರಾಡನ್ನು (ನೆಕ್ಕಿನ ಬಾಗು ಹೊಂದಿಸುವ ಒಳಗಿನ ಲೋಹದ ಸರಳು) ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ, ಮರ ಹೊಂದಿಕೊಳ್ಳಲು ಒಂದು ರಾತ್ರಿ ಬಿಡಿ. ಆಮೇಲೆ ಆಕ್ಷನ್, ಅಂದರೆ ತಂತಿಯ ಎತ್ತರ: 12ನೇ ಫ್ರೆಟ್ ಬಳಿ ದಪ್ಪ ಇ 1.8, ಸಣ್ಣ ಇ 1.5 ಮಿ.ಮೀ. ಅದಕ್ಕಿಂತ ಇಳಿಸಿದರೆ ಜೋರು ಹೊಡೆತಕ್ಕೆ ತಂತಿ ಫ್ರೆಟ್ಟಿಗೆ ಬಡಿದು ಸ್ವರ ಉಸಿರುಗಟ್ಟುತ್ತದೆ. ಇಂಟೊನೇಷನ್ (ಎಲ್ಲ ಫ್ರೆಟ್ಟಿನಲ್ಲೂ ಶ್ರುತಿ ಸರಿಯಿರುವಂತೆ ಬ್ರಿಡ್ಜ್ ಹೊಂದಿಸುವುದು) ಕೊನೆಗೆ, ಹೊಸ ತಂತಿಯ ಮೇಲೆ ಮಾತ್ರ.

ಪಿಕಪ್ಪಿನ ಎತ್ತರವನ್ನು ಜನ ಮುಟ್ಟುವುದೇ ಇಲ್ಲ, ಇದು ನನಗೆ ಬೇಸರದ ವಿಷಯ. ಖರ್ಚಿಲ್ಲದ ಕೆಲಸ, ಒಂದು ಸ್ಕ್ರೂ ಡ್ರೈವರ್ ಸಾಕು. ಕೊನೆಯ ಫ್ರೆಟ್ ಒತ್ತಿ ಹಿಡಿದು ತಂತಿಯ ತಳದಿಂದ ಪಿಕಪ್ಪಿನವರೆಗೆ ಅಳೆಯಿರಿ: ನೆಕ್ ಪಿಕಪ್ 2.4 ಮಿ.ಮೀ., ಬ್ರಿಡ್ಜ್ 1.6 ಮಿ.ಮೀ. ಎಎಸ್73ರ ನೆಕ್ ಪಿಕಪ್ ಮಸುಕು ಎಂಬ ದೂರು ಸಾಮಾನ್ಯ. ಅದರ ದಪ್ಪ ತಂತಿಯ ಬದಿಯನ್ನು ಇನ್ನೂ ಅರ್ಧ ಮಿ.ಮೀ. ಇಳಿಸಿ, ಸಣ್ಣ ತಂತಿಗಳ ಕಡೆಯ ಪೋಲ್ ಸ್ಕ್ರೂಗಳನ್ನು (ಪಿಕಪ್ಪಿನ ಮೇಲೆ ಪ್ರತಿ ತಂತಿಯ ಕೆಳಗಿನ ಸ್ಕ್ರೂ) ಅರ್ಧ ಸುತ್ತು ಮೇಲೆತ್ತಿ. ಮಸುಕು ಬಹುಮಟ್ಟಿಗೆ ಹೋಗುತ್ತದೆ. ಎಎಸ್200ರಲ್ಲಿರುವುದು ಸೂಪರ್ 58 ಪಿಕಪ್, ನೆಕ್ ಪಿಕಪ್ಪಿಗೆ ಮೂರು ಬಗೆಯ ದನಿ ಕೊಡುವ ಟ್ರೈ-ಸೌಂಡ್ ಸ್ವಿಚ್ ಬೇರೆ. ಎಎಸ್73ರಲ್ಲಿ ಎರಡೂ ಇಲ್ಲ. ಸೂಪರ್ 58 ಬೇಕೇ ಬೇಕೆಂದರೆ ಪಿಕಪ್ ಬದಲಿಸುವುದಕ್ಕಿಂತ ಆರಂಭದಲ್ಲೇ ಎಎಸ್93 ಕೊಳ್ಳುವುದು ಲಾಭ.

ಇನ್ನು ದನಿ. ಸ್ಕೋಫೀಲ್ಡ್ ಅವರ ಆ ಒರಟು, ಮೂಗಿನ ದನಿಗೆ ಗಿಟಾರಿನಷ್ಟೇ ಕಾರಣ ಪ್ರೋಕೋ ರ‍್ಯಾಟ್ ಪೆಡಲ್ ಮತ್ತು ವಾಕ್ಸ್ ಎಸಿ30 ಆಂಪ್. ರ‍್ಯಾಟ್‌ನಲ್ಲಿ ಡಿಸ್ಟಾರ್ಷನ್ ಗುಂಡಿಯನ್ನು ಗಡಿಯಾರದ ಒಂಬತ್ತರ ಆಚೆ ದಾಟಿಸಬೇಡಿ. ಫಿಲ್ಟರ್ ಗುಂಡಿ ಉಲ್ಟಾ ಕೆಲಸ ಮಾಡುತ್ತದೆ ಎಂಬುದು ನೆನಪಿರಲಿ. ಬಲಕ್ಕೆ ತಿರುಗಿಸಿದಷ್ಟೂ ದನಿ ಕತ್ತಲಾಗುತ್ತದೆ. ಒಂದರಿಂದ ಎರಡು ಗಂಟೆಯ ನಡುವೆ ಇಟ್ಟು, ಬ್ರಿಡ್ಜ್ ಪಿಕಪ್ಪಿನ ಟೋನ್ 5ಕ್ಕೆ ಇಳಿಸಿ, ಪಿಕ್ಕನ್ನು ಬ್ರಿಡ್ಜ್ ಕಡೆ ಸರಿಸಿ ಹೊಡೆಯಿರಿ. ಬ್ಯಾಂಡಿನ ಜೊತೆ ಜೋರಾಗಿ ನುಡಿಸುವಾಗ ಆಂಪಿಗೆ ಎದುರಾಗಿ ನಿಲ್ಲದೆ ಓರೆಯಾಗಿ ನಿಲ್ಲಿ. ಬ್ಲಾಕ್ ಇದ್ದರೂ ಇದು ಘನ ದೇಹದ ಗಿಟಾರಲ್ಲ. ಒಂದು ಮಿತಿ ದಾಟಿದರೆ ಊಳಿಡುತ್ತದೆ. ಎಫ್-ಹೋಲಿನ ಆಕಾರಕ್ಕೆ ಕತ್ತರಿಸಿದ ಫೋಮ್ ತುಂಡನ್ನು ಬ್ಯಾಗಿನಲ್ಲಿಟ್ಟುಕೊಂಡಿದ್ದರೆ ಆಪತ್ತಿಗೆ ಆಗುತ್ತದೆ.

ವಾಲ್ಯೂಮ್ 10ರಿಂದ 7ಕ್ಕೆ ಇಳಿಸಿದರೆ ಮೇಲಿನ ಸ್ವರಗಳ ಹೊಳಪು ಮಾಯವಾಗುವುದು ಇನ್ನೊಂದು ಕಿರಿಕಿರಿ. ಟೋನ್ ಕೆಪಾಸಿಟರನ್ನು ವಾಲ್ಯೂಮ್ ಪಾಟ್‌ನ (ಗುಂಡಿಯ ಕೆಳಗಿನ ನಿಯಂತ್ರಕ) ಇನ್‌ಪುಟ್ ಕಾಲಿನಿಂದ ಬಿಡಿಸಿ ಔಟ್‌ಪುಟ್ ಕಾಲಿಗೆ ಬೆಸೆದರೆ ಹೊಳಪು ಬಹಳಷ್ಟು ಉಳಿಯುತ್ತದೆ. ಹೊಸ ಬಿಡಿಭಾಗವೇ ಬೇಡ. ಬೆಸುಗೆ ಐದು ನಿಮಿಷದ ಕೆಲಸ; ಪಾಟ್‌ಗಳನ್ನು ಹೊರಗೆ ತೆಗೆದು ಮತ್ತೆ ಒಳಗೆ ಕೂರಿಸುವುದಕ್ಕೆ ಒಂದು ಮಧ್ಯಾಹ್ನ ಬೇಕು. ಸೆಮಿ-ಹಾಲೋಗೆ ಹಿಂಬದಿಯಲ್ಲಿ ಮುಚ್ಚಳವಿಲ್ಲ, ಎಲ್ಲವೂ ಎಫ್-ಹೋಲಿನಿಂದಲೇ ಬಂದು ಹೋಗಬೇಕು.

ಹಾಗಾಗಿ ತಯಾರಿ ಮುಖ್ಯ. ನಾಬ್‌ಗಳನ್ನು ಕಿತ್ತ ಮೇಲೆ ಗಿಟಾರಿನ ಮೇಲೆ ರಟ್ಟು ಇಟ್ಟು ನಾಲ್ಕೂ ಪಾಟ್‌ಗಳ ಜಾಗ ಗುರುತಿಸಿ, ರಟ್ಟಿನಲ್ಲಿ ತೂತು ಮಾಡಿ. ವೈರಿಂಗ್ ಪೂರ್ತಿ ಆ ರಟ್ಟಿನ ಮೇಲೆಯೇ ಮುಗಿಸಿ. ವೈರಿನ ಉದ್ದ ತಾನಾಗಿ ಸರಿಹೋಗುತ್ತದೆ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಗಾಳಿ ಪೈಪನ್ನು ಒಂದೊಂದು ಅಡಿಯಂತೆ ನಾಲ್ಕು ತುಂಡು ಮಾಡಿ, ತುದಿಯನ್ನು ಬಿಸಿನೀರಿಗೆ ಅದ್ದಿ, ಹಳೆಯ ಪಾಟ್‌ನ ಕಡ್ಡಿಗೆ ಬಿಗಿಯಾಗಿ ತೊಡಿಸಿ, ಆಮೇಲೆ ಪಾಟ್ ಹಿಡಿದಿರುವ ನಟ್ ಬಿಚ್ಚಿ ಅದನ್ನು ಒಳಗೆ ತಳ್ಳಿ. ಪೈಪಿನ ಇನ್ನೊಂದು ತುದಿ ಆಯಾ ತೂತಿನ ಹೊರಗೇ ಉಳಿಯುತ್ತದೆ. ವಾಪಸ್ ಕೂರಿಸುವಾಗ ಎಫ್-ಹೋಲಿನಿಂದ ದೂರದ ಪಾಟ್ ಮೊದಲು, ಹತ್ತಿರದ್ದು ಕೊನೆಗೆ. ಪೈಪ್ ಎಳೆದರೆ ಕಡ್ಡಿ ನೇರ ತನ್ನ ತೂತಿಗೆ ಬರುತ್ತದೆ. ದೊಡ್ಡ ಗಾತ್ರದ ಅಮೆರಿಕನ್ ಪಾಟ್ ಹಾಕುವ ಆಸೆಯಿದ್ದರೆ ಮೊದಲು ಅದು ಎಫ್-ಹೋಲಿನಲ್ಲಿ ತೂರುತ್ತದೆಯೇ ನೋಡಿ. ಅದರ ಕುತ್ತಿಗೆ 9.5 ಮಿ.ಮೀ., ಸಣ್ಣ ಪಾಟ್‌ಗೆ ಕೊರೆದ ತೂತು ಅದಕ್ಕಿಂತ ಚಿಕ್ಕದು. ಡ್ರಿಲ್ ಹಾಕಿದರೆ ಪದರದ ಮರ ಸಿಬಿರೇಳುತ್ತದೆ. ಕೈಯಿಂದ ತಿರುಗಿಸುವ ರೀಮರೇ ಬೇಕು. ಸಣ್ಣ ಗಾತ್ರದ 500 ಕೆ ಪಾಟ್ ಸಾಕು ಎಂಬುದು ನನ್ನ ಅಭಿಪ್ರಾಯ.

ಇಂಥ ಬದಲಾವಣೆ ಮಾಡದೆಯೂ ಕೆಡುವ ಒಂದು ಭಾಗ ಕೇಬಲ್ ಚುಚ್ಚುವ ಜ್ಯಾಕ್. ಕೇಬಲ್ ಹಾಕಿ ತೆಗೆದು ಅದನ್ನು ಹಿಡಿದಿರುವ ನಟ್ ಸಡಿಲವಾಗುತ್ತದೆ, ಜ್ಯಾಕ್ ಒಳಗೆ ಗಿರಗಿರ ತಿರುಗಿ ವೈರ್ ತುಂಡಾಗುತ್ತದೆ. ತಿಂಗಳಿಗೊಮ್ಮೆ ಬೆರಳಿಂದ ಅಲ್ಲಾಡಿಸಿ ನೋಡಿ. ಒಳಗಡೆ ಹಲ್ಲಿನ ವಾಷರ್ ಇಲ್ಲದಿದ್ದರೆ ಹಾಕಿಸಿ, ಎರಡು ರೂಪಾಯಿಯ ವಸ್ತು.

ಹವೆಯ ವಿಷಯಕ್ಕೆ ಬಂದರೆ, ಪದರ ಪದರವಾಗಿ ಅಂಟಿಸಿದ ಮರವಾದ್ದರಿಂದ ದೇಹ ಬಿರಿಯುವ ಭಯ ಕಡಿಮೆ. ನೆಕ್ ಮಾತ್ರ ಋತುವಿಗೆ ತಕ್ಕಂತೆ ಕದಲುತ್ತದೆ. ಬೆಂಗಳೂರಿನ ಮಾರ್ಚ್-ಏಪ್ರಿಲ್ ಒಣಹವೆಗೆ ಫಿಂಗರ್‌ಬೋರ್ಡ್ ಕುಗ್ಗಿ ಫ್ರೆಟ್ಟಿನ ತುದಿ ಅಂಗೈಗೆ ತರಚತೊಡಗುತ್ತದೆ. ಮಂಗಳೂರು, ಉಡುಪಿ ಕಡೆಯ ಮಳೆಗಾಲದಲ್ಲಿ ತಂತಿ, ಪೋಲ್ ಸ್ಕ್ರೂ, ಬ್ರಿಡ್ಜಿನ ಸ್ಕ್ರೂಗಳಿಗೆ ತುಕ್ಕು ಹಿಡಿಯುತ್ತದೆ. ಕೇಸಿನೊಳಗೆ ಸಣ್ಣ ಹೈಗ್ರೋಮೀಟರ್ ಇಟ್ಟು ತೇವಾಂಶ ಶೇ. 45ರಿಂದ 55ರ ನಡುವೆ ಉಳಿಯುವಂತೆ ನೋಡಿಕೊಳ್ಳಿ. ಕರಾವಳಿಯವರು ಸಿಲಿಕಾ ಜೆಲ್ ಹಾಕುವುದು ಸರಿ, ಒಣ ಊರಿನವರು ಅದನ್ನು ಕೇಸಿನಿಂದ ತೆಗೆದುಬಿಡಿ.

ಹೋಲಿಸಿ ನೋಡುವವರಿಗೆ ಎಪಿಫೋನ್ ಇಎಸ್-335 ಇದೆ; 2020ರ ನಂತರದ್ದರಲ್ಲಿ ಪಾಟ್‌ಗಳು ಒಳ್ಳೆಯವು, ಬ್ಲೂಸ್ ನುಡಿಸುವವರಿಗೆ ನಾನು ಅದನ್ನೇ ಹೇಳುತ್ತೇನೆ. ಗ್ರೆಚ್ ಸ್ಟ್ರೀಮ್‌ಲೈನರ್ ಜಿ2622ರಲ್ಲೂ ನಡುವೆ ಬ್ಲಾಕ್ ಇದೆ, ದನಿ ಬೇರೆ ದಾರಿಯದ್ದು. ಸ್ಕೋಫೀಲ್ಡ್ ಮನಸ್ಸಿನಲ್ಲಿದ್ದರೆ ಎಎಸ್73ರ ನೆಕ್ ಮತ್ತು ಮಧ್ಯಸ್ಥಾಯಿಯ ಗಡಸು ಹತ್ತಿರ.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ಇನ್ನೂ ಒಳ್ಳೆಯದು. ನಟ್ ಹಿಂದೆ, ಹೆಡ್‌ಸ್ಟಾಕ್ (ಶ್ರುತಿ ಕೀಲಿಗಳಿರುವ ತಲೆ) ನೆಕ್ಕಿಗೆ ಸೇರುವಲ್ಲಿ ಬಣ್ಣದ ಮೇಲೆ ಕೂದಲೆಳೆಯ ಗೆರೆ ಇದೆಯೇ ನೋಡಿ. ಮೆತ್ತನೆಯ ಬ್ಯಾಗಿನಲ್ಲಿ ಬಿದ್ದ ಗಿಟಾರ್ ಮುರಿಯುವುದೇ ಅಲ್ಲಿ. ಟ್ರಸ್ ರಾಡ್ ಎರಡೂ ಕಡೆ ತಿರುಗುತ್ತದೆಯೇ, ಮೊದಲ ಐದು ಫ್ರೆಟ್‌ಗಳಲ್ಲಿ ಬಿ ಮತ್ತು ಸಣ್ಣ ಇ ತಂತಿಯ ಕೆಳಗೆ ಗುಳಿ ಬಿದ್ದಿದೆಯೇ ಪರೀಕ್ಷಿಸಿ. ಗುಳಿ ಆಳವಿದ್ದರೆ ಫ್ರೆಟ್ ಸಮ ಮಾಡಿಸುವ ಕೂಲಿಯನ್ನು ಬೆಲೆಯಲ್ಲಿ ಕಳೆದು ಕೇಳಿ.